ಹಂದಿ ಜ್ವರ: ಜನ ಹೆದರಿದ್ದು 2009ರಲ್ಲಿ, ನಮ್ಮ ಲಸಿಕೆ ಬಂದದ್ದು 2010ರಲ್ಲಿ

ಕನ್ನಡದಲ್ಲಿ ಹಂದಿ ಜ್ವರ, ಮಲಯಾಳದಲ್ಲಿ ಪನ್ನಿಪ್ಪನಿ, ತಮಿಳಿನಲ್ಲಿ ಪನ್ರಿಕ್ಕಾಯ್ಚಲ್, ಮರಾಠಿ ಮತ್ತು ತೆಲುಗು ಪತ್ರಿಕೆಗಳಲ್ಲಿ ಸ್ವೈನ್ ಫ್ಲೂ. 2009ರ ಮಳೆಗಾಲದಲ್ಲಿ ಗಡಿನಾಡಿನ ಜನ ಒಂದೇ ಕಾಯಿಲೆಯ ಸುದ್ದಿಯನ್ನು ಎರಡೆರಡು ಹೆಸರಿನಲ್ಲಿ ಕೇಳಿದರು. ಬೆಳಿಗ್ಗೆ ಒಂದು ಭಾಷೆಯ ಪತ್ರಿಕೆ, ರಾತ್ರಿ ಇನ್ನೊಂದು ಭಾಷೆಯ ಟಿವಿ. ಎರಡರಲ್ಲೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ಜನ, ಆಸ್ಪತ್ರೆ ಮುಂದೆ ಉದ್ದನೆಯ ಸಾಲು. ಆ ಸಾಲಿನಲ್ಲಿ ನಿಂತವರಿಗೆ ಬೇಕಾಗಿದ್ದ ಲಸಿಕೆ ಆಗ ದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಅದು ತಯಾರಾಗಿ ಅಂಗಡಿಗೆ ಬರುವ ಹೊತ್ತಿಗೆ ಹತ್ತು ತಿಂಗಳು ಕಳೆದಿತ್ತು.

ಕಾಯಿಲೆಗೆ ಹಂದಿಯ ಹೆಸರು ಅಂಟಿಕೊಂಡಿದ್ದರಿಂದ ಆದ ಗೊಂದಲ ಸಣ್ಣದಲ್ಲ. ಎಚ್1ಎನ್1 ಎಂಬ ಈ ವೈರಾಣುವಿನಲ್ಲಿ ಹಂದಿ, ಹಕ್ಕಿ ಮತ್ತು ಮನುಷ್ಯರ ಫ್ಲೂ ವೈರಾಣುಗಳ ಅಂಶಗಳು ಬೆರೆತಿದ್ದವು, ಹೆಚ್ಚಿನ ಭಾಗ ಹಂದಿಯ ಮೂಲದ್ದು ಎಂಬುದು ನಿಜ. ಆದರೆ ಒಮ್ಮೆ ಮನುಷ್ಯನಿಗೆ ಹತ್ತಿದ ಮೇಲೆ ಅದು ಹರಡಿದ್ದು ಮನುಷ್ಯನಿಂದ ಮನುಷ್ಯನಿಗೆ, ಕೆಮ್ಮು ಮತ್ತು ಸೀನಿನ ಹನಿಗಳಿಂದ. ಬೇಯಿಸಿದ ಹಂದಿ ಮಾಂಸದಿಂದ ಬರುವ ರೋಗ ಇದಲ್ಲ. ಹಾಗಿದ್ದರೂ ಈಜಿಪ್ಟ್ ಸರಕಾರ 2009ರಲ್ಲಿ ತನ್ನ ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಿತು. ನಮ್ಮಲ್ಲಿ ಅಷ್ಟು ದೂರ ಹೋಗಲಿಲ್ಲವಾದರೂ ಹಂದಿ ಸಾಕಿ ಬದುಕುವ ಕುಟುಂಬಗಳನ್ನು ಊರು ಸಂಶಯದಿಂದ ನೋಡುವುದಕ್ಕೆ ಆ ಹೆಸರೊಂದೇ ಸಾಕಾಯಿತು.

ಬಂದ ದಾರಿ

ಮೆಕ್ಸಿಕೋ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2009ರ ಏಪ್ರಿಲ್ ತಿಂಗಳಲ್ಲಿ ಈ ಹೊಸ ಫ್ಲೂ ಪತ್ತೆಯಾಯಿತು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಸಾಂಕ್ರಾಮಿಕ ಎಂದು ಘೋಷಿಸಿತು. ಅಷ್ಟರಲ್ಲಿ ಅದು ಭಾರತಕ್ಕೆ ಬಂದಾಗಿತ್ತು. ಅಮೆರಿಕದಿಂದ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕರೊಬ್ಬರಿಗೆ ಸೋಂಕು ಇದೆಯೆಂದು ಮೇ ತಿಂಗಳ ಮಧ್ಯದಲ್ಲಿ ಖಚಿತವಾಯಿತು. ದೇಶದ ಮೊದಲ ಪ್ರಕರಣ ಅದೇ.

ಮೊದಲ ಎರಡು ತಿಂಗಳು ಸರಕಾರದ ಲೆಕ್ಕಾಚಾರ ಸರಳವಾಗಿತ್ತು. ವಿಮಾನ ನಿಲ್ದಾಣದಲ್ಲೇ ತಡೆಯುವುದು. ಬಂದವರ ಕೈಗೆ ಒಂದು ಫಾರಂ, ಜ್ವರ ಇದ್ದರೆ ನೇರ ಆಸ್ಪತ್ರೆಗೆ, ಅವರ ಅಕ್ಕಪಕ್ಕ ಕುಳಿತವರನ್ನು ಹುಡುಕಿ ಟಾಮಿಫ್ಲೂ ಮಾತ್ರೆ. ಗಲ್ಫ್‌ನಿಂದ ಮಂಗಳೂರು, ಕೋಯಿಕ್ಕೋಡ್‌ಗೆ ಇಳಿಯುವ ಕಾಸರಗೋಡಿನವರಿಗೆ ಈ ಫಾರಂ ಚೆನ್ನಾಗಿ ಪರಿಚಯ. ಜ್ವರ ಕಾಣಿಸಿಕೊಳ್ಳುವ ಮೊದಲೇ ನಿಲ್ದಾಣ ದಾಟಿ ಮನೆ ಸೇರಿದವರನ್ನು ಮಾತ್ರ ಯಾವ ಯಂತ್ರವೂ ಹಿಡಿಯಲಾರದು. ರೋಗ ಒಳಗೆ ನುಸುಳಿದ್ದು ಹಾಗೆ. ಪುಣೆ ಕಡೆಯ ಶಾಲೆಗಳಲ್ಲಿ, ಅಮೆರಿಕ ಪ್ರವಾಸದಿಂದ ಮರಳಿದ ವಿದ್ಯಾರ್ಥಿಗಳ ಮೂಲಕ ಸೋಂಕು ಹರಡಲು ಶುರುವಾಯಿತು.

ಆಗಸ್ಟ್ 3ರಂದು ಪುಣೆಯಲ್ಲಿ 14 ವರ್ಷದ ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು. ಅದು ದೇಶದ ಮೊದಲ ಸಾವು. ಅಲ್ಲಿಯವರೆಗೆ ದೂರದ ಸುದ್ದಿಯಾಗಿದ್ದದ್ದು ಒಂದೇ ದಿನದಲ್ಲಿ ಮನೆ ಬಾಗಿಲಿಗೆ ಬಂತು.

ಪುಣೆಯ ಆಗಸ್ಟ್

ಮರುದಿನದಿಂದ ಪುಣೆಯಲ್ಲಿ ಆದದ್ದನ್ನು ಕೊರೊನಾ ಕಂಡ ಇಂದಿನ ಓದುಗರು ಬೇಗ ಅರ್ಥ ಮಾಡಿಕೊಳ್ಳಬಲ್ಲರು. ಆಗ ಮಾತ್ರ ಅದು ಎಲ್ಲರಿಗೂ ಹೊಸದು. ಮಹಾನಗರಪಾಲಿಕೆಯ ನಾಯ್ಡು ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಮುಂದೆ ಸಾವಿರಾರು ಜನ ಪರೀಕ್ಷೆಗಾಗಿ ಸೇರಿದರು. ರೋಗವಿದ್ದವರು, ಇಲ್ಲದವರು, ಬರೀ ಹೆದರಿಕೆಯಿದ್ದವರು ಎಲ್ಲರೂ ಒಂದೇ ಸಾಲಿನಲ್ಲಿ. ಸೋಂಕಿಲ್ಲದವನು ಸೋಂಕಿದ್ದವನ ಹಿಂದೆ ಗಂಟೆಗಟ್ಟಲೆ ನಿಂತ. ಶಾಲೆ-ಕಾಲೇಜುಗಳಿಗೆ ವಾರ ರಜೆ, ಸಿನಿಮಾ ಮಂದಿರಗಳಿಗೆ ಮೂರು ದಿನ ಬೀಗ. ಮುಂಬಯಿಯಲ್ಲೂ ಅದೇ ಆಯಿತು. ಆಗಸ್ಟ್ ಮಧ್ಯದಲ್ಲಿ ಕೃಷ್ಣಾಷ್ಟಮಿಯ ದಹಿಹಂಡಿ, 23ಕ್ಕೆ ಗಣೇಶ ಚೌತಿ. ಗುಂಪು ಸೇರಬೇಡಿ ಎಂದು ಹೇಳುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಕಷ್ಟದ ತಿಂಗಳು ಮಹಾರಾಷ್ಟ್ರದಲ್ಲಿ ಇಲ್ಲ.

ಎನ್-95 ಮಾಸ್ಕ್ ಎಂಬ ಹೆಸರು ಸಾಮಾನ್ಯ ಜನರ ಬಾಯಿಗೆ ಬಂದದ್ದು ಆಗಲೇ. ಅಂಗಡಿಗಳಲ್ಲಿ ದಾಸ್ತಾನು ಮುಗಿದು ಹಲವು ಪಟ್ಟು ದರಕ್ಕೆ ಮಾರಾಟವಾಯಿತು. ಆರೋಗ್ಯ ಸಿಬ್ಬಂದಿಗೆ ಮಾತ್ರ ಅಂಥ ಮಾಸ್ಕ್ ಬೇಕು, ಉಳಿದವರಿಗೆ ಬೇಡ ಎಂದು ಆರೋಗ್ಯ ಇಲಾಖೆ ಹೇಳಿದರೂ ಕೇಳುವವರಿರಲಿಲ್ಲ. ಮಾಸ್ಕ್ ಸಿಗದವರು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡರು, ಕರ್ಪೂರ-ಏಲಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಿದರು, ತುಳಸಿ ಕಷಾಯ ಕುಡಿದರು. ಕಟ್ಟಿದ ಮೂಗಿಗೆ ಕರ್ಪೂರ ಒಂದಿಷ್ಟು ಹಾಯೆನಿಸಬಹುದು. ವೈರಾಣುವಿಗೆ ಅದರಿಂದ ಏನೂ ಆಗುವುದಿಲ್ಲ. ಔಷಧಿ ಎಲ್ಲಿದೆ ಎಂದು ಯಾರೂ ಹೇಳದಿದ್ದಾಗ ಜನ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಅದನ್ನು ಮೂಢನಂಬಿಕೆ ಎಂದು ಜರೆಯುವುದು ಸುಲಭ, ಅಷ್ಟು ನ್ಯಾಯವಲ್ಲ.

ಪುಣೆಯಲ್ಲಿ ಆಗ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿಗೊಳಿಸಲಾಯಿತು. ಆ ಕಾಯ್ದೆ ಹುಟ್ಟಿದ್ದು ಮುಂಬಯಿ ಪ್ರಾಂತ್ಯದ ಪ್ಲೇಗ್ ಕಾಲದಲ್ಲಿ. ಪ್ಲೇಗ್ ತಪಾಸಣೆಯ ನೆಪದಲ್ಲಿ ಸಿಪಾಯಿಗಳು ಮನೆಯೊಳಗೆ, ದೇವರ ಕೋಣೆಯೊಳಗೆ ನುಗ್ಗಿದ್ದಕ್ಕೆ ಸಿಟ್ಟಾಗಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ್ಯಾಂಡ್‌ಗೆ ಗುಂಡಿಕ್ಕಿದ್ದು ಇದೇ ಪುಣೆಯಲ್ಲಿ, 1897ರ ಜೂನ್ 22ರಂದು. ರೋಗ ತಡೆಯುವ ಕೆಲಸದಲ್ಲಿ ಜನರನ್ನು ಒಲಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಆ ಊರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. 2009ರಲ್ಲಿ ಕಾಯ್ದೆ ಬಳಕೆಯಾದದ್ದು ಮುಖ್ಯವಾಗಿ ತಪಾಸಣಾ ಕೇಂದ್ರಗಳನ್ನು ತೆರೆಯುವುದಕ್ಕೆ ಮತ್ತು ಖಾಸಗಿ ಆಸ್ಪತ್ರೆಗಳನ್ನು ಹದ್ದುಬಸ್ತಿನಲ್ಲಿ ತರುವುದಕ್ಕೆ.

ಸೋಲಾಪುರ, ಅಕ್ಕಲಕೋಟೆ ಕಡೆಯವರಿಗೆ ಪುಣೆ ಪರವೂರಲ್ಲ. ದುಡಿಯಲು ಹೋಗುವುದು ಅಲ್ಲಿಗೆ, ಓದಲು ಹೋಗುವುದು ಅಲ್ಲಿಗೆ, ದೊಡ್ಡ ಕಾಯಿಲೆಯಾದರೆ ತೋರಿಸುವುದೂ ಅಲ್ಲಿಗೇ. ಮುಂಬಯಿಯಿಂದ ಹೊರಟ ರೈಲು ಪುಣೆ, ಸೋಲಾಪುರ, ಅಕ್ಕಲಕೋಟೆ ರೋಡ್, ದುಧನಿ ದಾಟಿ ಕಲಬುರಗಿಗೆ (ಆಗಿನ ಗುಲ್ಬರ್ಗ) ಬರುತ್ತದೆ. ಶಾಲೆ, ಕಟ್ಟಡದ ಕೆಲಸ ನಿಂತಾಗ ಜನ ಹಿಡಿಯುವುದು ಈ ದಾರಿಯನ್ನೇ. ಜಹೀರಾಬಾದ್, ನಾರಾಯಣಪೇಟೆ ಕಡೆಯವರಿಗೆ ಹೈದರಾಬಾದ್ ಹೇಗೋ, ಹೊಸೂರಿನವರಿಗೆ ಬೆಂಗಳೂರು ಹೇಗೋ ಹಾಗೆ. ಗಡಿಯ ಊರಿಗೆ ರೋಗ ಬರುವುದು ತನ್ನ ರಾಜ್ಯದ ರಾಜಧಾನಿಯಿಂದ ಅಲ್ಲ, ತನ್ನ ಜನ ಕೂಲಿಗೆ ಹೋದ ಊರಿನಿಂದ.

ಗಂಟಲ ದ್ರವ ಯಾವ ಊರಿಗೆ?

ಶುರುವಿನಲ್ಲಿ ಇಡೀ ದೇಶಕ್ಕೆ ಪರೀಕ್ಷೆ ಮಾಡುತ್ತಿದ್ದ ಪ್ರಯೋಗಾಲಯಗಳು ಮುಖ್ಯವಾಗಿ ಎರಡು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮತ್ತು ದಿಲ್ಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ. ಒತ್ತಡ ಹೆಚ್ಚಿದ ಮೇಲೆ ಬೆಂಗಳೂರಿನ ನಿಮ್ಹಾನ್ಸ್, ಚೆನ್ನೈ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್, ಹೈದರಾಬಾದಿನ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್, ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಮುಂತಾದವು ಸೇರಿಕೊಂಡವು. ಖಾಸಗಿ ಪ್ರಯೋಗಾಲಯಗಳಿಗೂ ಅನುಮತಿ ಸಿಕ್ಕಿತು. ಚಿಕಿತ್ಸೆಗೆ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಆಸ್ಪತ್ರೆ, ಹೈದರಾಬಾದಿನಲ್ಲಿ ಎರ್ರಗಡ್ಡದ ಎದೆರೋಗಗಳ ಆಸ್ಪತ್ರೆ ಗೊತ್ತಾದವು.

ಈ ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಗಡಿನಾಡಿನ ಪಾಡು ತಿಳಿಯುತ್ತದೆ. ಮಂಜೇಶ್ವರಕ್ಕೆ ಮಂಗಳೂರು ಒಂದು ಬಸ್ಸಿನ ದಾರಿ, ತಿರುವನಂತಪುರ ಒಂದು ರಾತ್ರಿಯ ರೈಲು ಪ್ರಯಾಣ. ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗಿ ಬರುವುದಕ್ಕೆ ಅರ್ಧ ದಿನ ಬೇಡ, ಚೆನ್ನೈ ರಾಜ್ಯದ ಆ ತುದಿಯಲ್ಲಿದೆ. ಸರಕಾರಿ ಕಾಗದಪತ್ರ ಮಾತ್ರ ರಾಜ್ಯದ ಗೆರೆಯೊಳಗೇ ಓಡಾಡುತ್ತದೆ. ತಿಳಿವಳಿಕೆ ಪತ್ರಗಳೂ ರಾಜ್ಯಭಾಷೆಯಲ್ಲೇ ಬರುವುದು ಇಲ್ಲಿಯವರಿಗೆ ಹೊಸದಲ್ಲ. ಶಾಲೆಗೆ ಹೋಗುವ ಮಕ್ಕಳು ಓದಿ ಹೇಳುತ್ತಾರೆ, ಮನೆಯ ಅಜ್ಜಿಗೆ ಕೈ ತೊಳೆಯುವುದು ಯಾಕೆಂದು ಕನ್ನಡದಲ್ಲಿ ತಿಳಿಸುವವರು ಅವರೇ.

ಎಲ್ಲರಿಗೂ ಪರೀಕ್ಷೆ ಮಾಡಲಾಗದು ಎಂಬುದು ಗೊತ್ತಾದ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುವ ಕ್ರಮ ತಂದಿತು. ಹಲವು ಬಾರಿ ತಿದ್ದುಪಡಿಯಾದರೂ ಇದರ ತಿರುಳು ಮುಂದೆಯೂ ಉಳಿದುಕೊಂಡಿತು, ಹಾಗಾಗಿ ತಿಳಿದಿರುವುದು ಒಳ್ಳೆಯದು. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು ಇದ್ದವರು 'ಎ'. ಅವರಿಗೆ ಪರೀಕ್ಷೆಯೂ ಬೇಡ, ಟಾಮಿಫ್ಲೂ ಕೂಡ ಬೇಡ. ಮನೆಯಲ್ಲಿ ಬೇರೆಯಾಗಿದ್ದು ಒಂದೆರಡು ದಿನ ನೋಡಬೇಕು. ಜ್ವರ ಜೋರಾಗಿದ್ದು ಗಂಟಲು ಬಹಳ ನೋಯುತ್ತಿದ್ದರೆ, ಅಥವಾ ರೋಗಿ ಗರ್ಭಿಣಿ, ಚಿಕ್ಕ ಮಗು, 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಮೂತ್ರಪಿಂಡದ ತೊಂದರೆ ಇದ್ದವರಾದರೆ 'ಬಿ'. ಇವರಿಗೂ ಪರೀಕ್ಷೆಗೆ ಕಾಯುವ ಅಗತ್ಯವಿಲ್ಲ, ವೈದ್ಯರು ನೋಡಿ ಮಾತ್ರೆ ಶುರು ಮಾಡಬಹುದು. ಉಸಿರು ಕಟ್ಟುವುದು, ಎದೆ ನೋವು, ಮಂಪರು, ರಕ್ತದೊತ್ತಡ ಇಳಿಯುವುದು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು, ಮಗು ಹಾಲು ಬಿಡುವುದು - ಇವು ಕಂಡರೆ 'ಸಿ'. ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು, ಪರೀಕ್ಷೆ ಬೇಕಾದದ್ದು ಇವರಿಗೆ.

ಮಾತ್ರೆ ಇತ್ತು, ಅಂಗಡಿಯಲ್ಲಿ ಇರಲಿಲ್ಲ

ಒಸೆಲ್ಟಾಮಿವಿರ್ ಎಂಬುದು ಔಷಧಿಯ ಹೆಸರು, ಟಾಮಿಫ್ಲೂ ಎಂಬುದು ರೋಶ್ ಕಂಪನಿ ಇಟ್ಟ ಹೆಸರು. ಈ ವಿಷಯದಲ್ಲಿ ಭಾರತದ ಸ್ಥಿತಿ ಬಹಳ ದೇಶಗಳಿಗಿಂತ ಚೆನ್ನಾಗಿತ್ತು. ಹೆಟೆರೋ, ಸಿಪ್ಲಾ, ನ್ಯಾಟ್ಕೋ ಮುಂತಾದ ನಮ್ಮ ಕಂಪನಿಗಳು ಇದನ್ನು ತಯಾರಿಸಬಲ್ಲವಾಗಿದ್ದವು. ಈ ಔಷಧಿಗೆ ಭಾರತದಲ್ಲಿ ಪೇಟೆಂಟ್ ಬೇಕೆಂದು ಬಂದಿದ್ದ ಅರ್ಜಿ 2009ರ ಮಾರ್ಚ್‌ನಲ್ಲೇ, ಅಂದರೆ ರೋಗ ಬರುವ ಒಂದು ತಿಂಗಳ ಮೊದಲು ತಿರಸ್ಕೃತವಾಗಿತ್ತು. ಹಾಗಾಗಿ ಮಾತ್ರೆಯ ಬರ ಬರಲಿಲ್ಲ.

ಹಾಗೆಂದು ಸುಲಭವಾಗಿ ಸಿಗಲೂ ಇಲ್ಲ. ಜನ ಕಂಡ ಕಂಡಂತೆ ನುಂಗಿದರೆ ವೈರಾಣು ಔಷಧಿಗೆ ಬಗ್ಗದಂತಾಗುತ್ತದೆ ಎಂಬ ಭಯದಿಂದ ಸರಕಾರ ಮೊದಲು ಅದನ್ನು ಸರಕಾರಿ ಆಸ್ಪತ್ರೆಗಳಿಗೆ ಮಾತ್ರ ಸೀಮಿತ ಮಾಡಿತ್ತು. 2009ರ ಸೆಪ್ಟೆಂಬರ್‌ನಲ್ಲಿ ಅಂಗಡಿ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು, ಅದೂ 'ಶೆಡ್ಯೂಲ್ ಎಕ್ಸ್' ಎಂಬ ಬಿಗಿ ನಿಯಮದಡಿ. ವಿಶೇಷ ಪರವಾನಗಿ ಇರುವ ಅಂಗಡಿಯೇ ಆಗಬೇಕು, ವೈದ್ಯರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವನು ಎರಡು ವರ್ಷ ಕಾದಿರಿಸಬೇಕು. ಇಂಥ ಪರವಾನಗಿ ತಾಲೂಕು ಊರುಗಳ ಮೆಡಿಕಲ್ ಸ್ಟೋರ್‌ಗಳಲ್ಲಿ ಅಪರೂಪ. ಈ ಮಾತ್ರೆ ಜ್ವರ ಬಂದ ಎರಡು ದಿನದೊಳಗೆ ಶುರು ಮಾಡಿದರೆ ಹೆಚ್ಚು ಗುಣ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಹೋಗುವುದರಲ್ಲೇ ಆ ಎರಡು ದಿನ ಮುಗಿದುಹೋಗುತ್ತಿತ್ತು. ನಿಯಮ ಸಡಿಲವಾಗಿ ಔಷಧಿ 'ಎಚ್-1' ಪಟ್ಟಿಗೆ ಬಂದದ್ದು 2017ರಲ್ಲಿ.

ಲಸಿಕೆ ಯಾಕೆ ತಡವಾಯಿತು?

ಫ್ಲೂ ಲಸಿಕೆಯನ್ನು ಹೆಚ್ಚಾಗಿ ಬೆಳೆಸುವುದು ಕೋಳಿ ಮೊಟ್ಟೆಯಲ್ಲಿ. ಮರಿ ಕಟ್ಟಿದ ಮೊಟ್ಟೆಗೆ ವೈರಾಣುವನ್ನು ಚುಚ್ಚಿ, ಅದು ಬೆಳೆದ ಮೇಲೆ ತೆಗೆದು, ಕೊಂದು, ಶುದ್ಧ ಮಾಡಿ ಲಸಿಕೆ ಮಾಡುತ್ತಾರೆ. ಲೆಕ್ಕ ಸುಮಾರಾಗಿ ಒಂದು ಮೊಟ್ಟೆಗೆ ಒಂದು ಡೋಸ್. ಕೋಟಿ ಡೋಸ್ ಬೇಕೆಂದರೆ ಕೋಟಿ ಮೊಟ್ಟೆ, ಅದೂ ರೋಗವಿಲ್ಲದ ಕೋಳಿಗಳದು, ಇಂತಿಷ್ಟೇ ದಿನದ್ದು. ಮೂಲ ವೈರಾಣು ಕೈಗೆ ಬಂದಾಗಿನಿಂದ ಮೊದಲ ಡೋಸ್ ಹೊರಬರುವುದಕ್ಕೆ ಐದಾರು ತಿಂಗಳು ಹಿಡಿಯುತ್ತದೆ. 2009ರಲ್ಲಿ ಇನ್ನೊಂದು ತೊಂದರೆಯೂ ಆಯಿತು. ಹೊಸ ವೈರಾಣು ಮೊಟ್ಟೆಯಲ್ಲಿ ನಿರೀಕ್ಷಿಸಿದಷ್ಟು ಚೆನ್ನಾಗಿ ಬೆಳೆಯಲಿಲ್ಲ.

ಆಗ ಜಗತ್ತಿನ ಜನಸಂಖ್ಯೆ ಸುಮಾರು 680 ಕೋಟಿ. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಅಂದಾಜಿನಂತೆ ವರ್ಷಕ್ಕೆ 490 ಕೋಟಿ ಡೋಸ್ ತಯಾರಿಸಬಹುದಿತ್ತು, ಆಮೇಲೆ ಅದನ್ನು 300 ಕೋಟಿಗೆ ಇಳಿಸಿತು. ಅದರಲ್ಲಿ ಬಹುಪಾಲನ್ನು ಶ್ರೀಮಂತ ದೇಶಗಳು ಮೊದಲೇ ಕರಾರು ಮಾಡಿಕೊಂಡು ಕಾದಿರಿಸಿದ್ದವು. ಹಣವಿದ್ದವರಲ್ಲೂ ಮನೆ ಮೊದಲು ಎಂಬ ಲೆಕ್ಕ ಬಿಡಲಿಲ್ಲ. ಅಮೆರಿಕಕ್ಕೆ 3.6 ಕೋಟಿ ಡೋಸ್ ಕೊಡಬೇಕಿದ್ದ ಆಸ್ಟ್ರೇಲಿಯಾದ ಸಿಎಸ್ಎಲ್ ಕಂಪನಿಗೆ ಅಲ್ಲಿನ ಸರಕಾರ, ಮೊದಲು ನಮ್ಮ ಜನರಿಗೆ ಕೊಡು ಎಂದಿತು. ತನ್ನ ಲಸಿಕೆಯಲ್ಲಿ ಹತ್ತನೇ ಒಂದು ಪಾಲನ್ನು ಬಡ ದೇಶಗಳಿಗೆ ಕೊಡುವುದಾಗಿ ಸೆಪ್ಟೆಂಬರ್‌ನಲ್ಲಿ ಘೋಷಿಸಿದ್ದ ಅಮೆರಿಕ, ತನ್ನಲ್ಲೇ ಕೊರತೆ ಬಿದ್ದಾಗ ಅಕ್ಟೋಬರ್ ಕೊನೆಗೆ ಮಾತು ಬದಲಿಸಿತು. ಚೀನಾ ಸೆಪ್ಟೆಂಬರ್‌ನಲ್ಲೇ ತನ್ನದೇ ಲಸಿಕೆ ಹಾಕಲು ಶುರು ಮಾಡಿತ್ತು. ದಾನದ ಲಸಿಕೆ ಬಡ ದೇಶಗಳಿಗೆ ತಲುಪತೊಡಗಿದ್ದು 2010ರ ಜನವರಿಯಲ್ಲಿ. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ 77 ದೇಶಗಳಿಗೆ ಸಿಕ್ಕಿದ್ದು 7.8 ಕೋಟಿ ಡೋಸ್, ಮಾತು ಕೊಟ್ಟಿದ್ದು 20 ಕೋಟಿ.

ಇನ್ನೊಂದು ಕಡೆ, ಕೈತುಂಬ ಲಸಿಕೆ ಇದ್ದ ದೇಶಗಳಲ್ಲಿ ಜನ ಹಾಕಿಸಿಕೊಳ್ಳಲು ಬರಲಿಲ್ಲ. ಫ್ರಾನ್ಸ್ 9.4 ಕೋಟಿ ಡೋಸ್‌ಗೆ ಬೇಡಿಕೆ ಇಟ್ಟು, ಹಾಕಿಸಿಕೊಂಡವರು 60 ಲಕ್ಷದಷ್ಟೂ ಇಲ್ಲದೆ, 5 ಕೋಟಿ ಡೋಸ್ ಬೇಡವೆಂದು ಹಿಂದೆ ಸರಿಯಿತು. ಅಡ್ಡಪರಿಣಾಮದ ಹೊಣೆಯನ್ನು ಕಂಪನಿಗಳು ಹೊರುವುದಿಲ್ಲ ಎಂಬ ಕಾರಣಕ್ಕೆ ಪೋಲೆಂಡ್ ಲಸಿಕೆಯನ್ನೇ ಕೊಳ್ಳಲಿಲ್ಲ. ಜನರ ಅನುಮಾನ ಪೂರ್ತಿ ಸುಳ್ಳೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಯುರೋಪಿನಲ್ಲಿ ಬಳಸಿದ ಪ್ಯಾಂಡೆಮ್ರಿಕ್ಸ್ ಎಂಬ ಒಂದು ಲಸಿಕೆಯಿಂದ ಕೆಲವು ಮಕ್ಕಳಿಗೆ, ಹದಿಹರೆಯದವರಿಗೆ ಹಗಲಲ್ಲೇ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಕಾಯಿಲೆ ಬಂದದ್ದು 2010ರಲ್ಲಿ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಬೆಳಕಿಗೆ ಬಂತು. ಅಪರೂಪದ ಘಟನೆಗಳು, ಆದರೆ ನಿಜವಾದವು. ಭಾರತದಲ್ಲಿ ಕೊಟ್ಟದ್ದು ಆ ಲಸಿಕೆಯಲ್ಲ.

ನಮ್ಮಲ್ಲಿ ಆದದ್ದು

ಭಾರತ ಸರಕಾರ ಫ್ರಾನ್ಸಿನ ಸನೋಫಿ ಪಾಶ್ಚರ್ ಕಂಪನಿಯಿಂದ 15 ಲಕ್ಷ ಡೋಸ್ ತರಿಸಿತು. ನೂರು ಕೋಟಿ ದಾಟಿದ ದೇಶಕ್ಕೆ 15 ಲಕ್ಷ ಎಂದರೆ ಹಂಚುವ ಮಾತೇ ಇಲ್ಲ. ವೈದ್ಯರು, ದಾದಿಯರು, ಆಸ್ಪತ್ರೆ ಸಿಬ್ಬಂದಿಗೆ ಮೊದಲು ಎಂದು ತೀರ್ಮಾನವಾಯಿತು, ಅದು ಸರಿಯೇ. 2010ರ ಮೊದಲ ತಿಂಗಳುಗಳಲ್ಲಿ ಅದು ಬಂದಾಗ ಅನೇಕ ಆಸ್ಪತ್ರೆಗಳ ಸಿಬ್ಬಂದಿಯೇ ಹಿಂಜರಿದರು. ಅಲೆ ಇಳಿದಿದೆ, ಅವಸರದ ಲಸಿಕೆ, ವಿದೇಶದ್ದು, ನಮಗೆ ಯಾಕೆ ಎಂಬ ಮಾತು. ಆಸ್ಪತ್ರೆಯವರೇ ಹಾಕಿಸಿಕೊಳ್ಳದ ಲಸಿಕೆಯನ್ನು ಊರಿನವರು ನಂಬಬೇಕೆಂದರೆ ಹೇಗೆ?

ಇಷ್ಟರಲ್ಲಿ ನಮ್ಮ ಕಂಪನಿಗಳು ಕೆಲಸಕ್ಕೆ ಇಳಿದಿದ್ದವು. ಅಹಮದಾಬಾದಿನ ಜೈಡಸ್ ಕ್ಯಾಡಿಲಾ 2010ರ ಜೂನ್‌ನಲ್ಲಿ 'ವ್ಯಾಕ್ಸಿಫ್ಲೂ-ಎಸ್' ಚುಚ್ಚುಮದ್ದನ್ನು ಬಿಡುಗಡೆ ಮಾಡಿತು. ದೇಶದಲ್ಲೇ ತಯಾರಾದ ಮೊದಲ ಹಂದಿ ಜ್ವರ ಲಸಿಕೆ ಅದು, ಬೆಲೆ 350 ರೂ. ಮುಂದಿನ ತಿಂಗಳು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 'ನಾಸೋವ್ಯಾಕ್' ತಂದಿತು. ಹೈದರಾಬಾದಿನ ಭಾರತ್ ಬಯೋಟೆಕ್ ಮೊಟ್ಟೆ ಬಿಟ್ಟು ಜೀವಕೋಶಗಳಲ್ಲಿ ಬೆಳೆಸಿದ 'ಎಚ್‌ಎನ್‌ವ್ಯಾಕ್' ಲಸಿಕೆಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿತು. ಪ್ಯಾನೇಶಿಯಾ ಬಯೋಟೆಕ್ ಕೂಡ ಒಂದನ್ನು ತಯಾರಿಸಿತು.

ಇವುಗಳಲ್ಲಿ ನಾಸೋವ್ಯಾಕ್ ಕಥೆ ಬೇರೆ. ಅದು ಸೂಜಿಯಿಲ್ಲದ ಲಸಿಕೆ, ಮೂಗಿನ ಹೊಳ್ಳೆಗಳಿಗೆ ಸಿಂಪಡಿಸಿದರೆ ಮುಗಿಯಿತು. ಸೌಮ್ಯಗೊಳಿಸಿದ ಜೀವಂತ ವೈರಾಣುವನ್ನು ಬಳಸುವುದರಿಂದ ಒಂದು ಮೊಟ್ಟೆಯಿಂದ ಅನೇಕ ಡೋಸ್ ಸಿಗುತ್ತದೆ. ರಷ್ಯಾದ ಹಳೆಯ ತಂತ್ರಜ್ಞಾನ, ವಿಶ್ವ ಆರೋಗ್ಯ ಸಂಸ್ಥೆ ಅದರ ಹಕ್ಕು ಪಡೆದು ಬಡ ದೇಶಗಳ ಕಂಪನಿಗಳಿಗೆ ಹಂಚಿತ್ತು. ಬೆಲೆ 150 ರೂಪಾಯಿ ಆಸುಪಾಸು. ಕಡಿಮೆ ಮೊಟ್ಟೆ, ಕಡಿಮೆ ದುಡ್ಡು, ಸೂಜಿ ಬೇಡ. ಹಳ್ಳಿಗೆ ಹೇಳಿ ಮಾಡಿಸಿದಂಥ ಲಸಿಕೆ. ಆದರೆ ಜೀವಂತ ವೈರಾಣು ಇರುವುದರಿಂದ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಕೊಡುವಂತಿಲ್ಲ. ಈ ಜ್ವರ ಹೆಚ್ಚು ಕಾಡಿದ್ದು ಗರ್ಭಿಣಿಯರನ್ನೇ. ಅಗ್ಗದ ಲಸಿಕೆ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೆ ಬಾರದಾಯಿತು.

ಚುಚ್ಚುಮದ್ದಿನ 350 ರೂಪಾಯಿ ನಗರದವರಿಗೆ ದೊಡ್ಡದಲ್ಲ. ಉದ್ಯೋಗ ಖಾತ್ರಿಯ ದಿನಗೂಲಿ ಆಗ 100 ರೂಪಾಯಿ ಸುಮಾರಿನಲ್ಲಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಗೆ ಲಸಿಕೆ ಎಂದರೆ ಹದಿನಾಲ್ಕು ದಿನದ ದುಡಿಮೆ. ಸಾರ್ವಜನಿಕರಿಗೆಲ್ಲ ಉಚಿತವಾಗಿ ಹಾಕುವ ಕಾರ್ಯಕ್ರಮವನ್ನು ಕೇಂದ್ರ ಹಾಕಿಕೊಳ್ಳಲಿಲ್ಲ. ಹೀಗಾಗಿ ಲಸಿಕೆ ಹೆಚ್ಚಾಗಿ ನಗರದ ಖಾಸಗಿ ದವಾಖಾನೆಗಳಲ್ಲೇ ಉಳಿಯಿತು. 2010ರ ಆಗಸ್ಟ್ 10ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಸಾಂಕ್ರಾಮಿಕ ಮುಗಿಯಿತೆಂದು ಸಾರಿತು. ನಮ್ಮ ಮೊದಲ ಲಸಿಕೆ ಅಂಗಡಿಗೆ ಬಂದು ಆಗಿನ್ನೂ ಎರಡು ತಿಂಗಳು.

ಅಂಕಿ ಹೇಳುವುದು, ಹೇಳದಿರುವುದು

ಸರಕಾರಿ ಲೆಕ್ಕದಂತೆ 2009ರಲ್ಲಿ ದೇಶದಲ್ಲಿ 27,236 ಜನರಿಗೆ ಸೋಂಕು ಖಚಿತವಾಗಿ 981 ಜನ ಸತ್ತರು. 2010ರಲ್ಲಿ ಖಚಿತ ಪ್ರಕರಣ 20,604, ಸಾವು 1,763. ಗಮನಿಸಬೇಕಾದ ಮಾತೆಂದರೆ, ಟಿವಿಗಳು ಬೊಬ್ಬೆ ಹೊಡೆದ ವರ್ಷಕ್ಕಿಂತ ಅವು ಸುಮ್ಮನಾದ ವರ್ಷದಲ್ಲೇ ಹೆಚ್ಚು ಜನ ಸತ್ತರು. 2010ರ ಮಳೆಗಾಲದಲ್ಲಿ ಮಾಸ್ಕಿಗೆ ನೂಕುನುಗ್ಗಲು ಇರಲಿಲ್ಲ, ಲಸಿಕೆ ಇತ್ತು, ಕೇಳಿ ಬಂದವರು ಕಡಿಮೆ.

ನೂರು ಪ್ರಕರಣಕ್ಕೆ ಮೂರೂವರೆ ಇದ್ದ ಸಾವು ಎಂಟೂವರೆಗೆ ಏರಿತು ಎಂದು ಕಂಡರೂ ವೈರಾಣು ಕ್ರೂರವಾಯಿತು ಎಂದು ತಿಳಿಯಬೇಕಿಲ್ಲ. ಮೊದಲ ವರ್ಷ ಸಣ್ಣ ಜ್ವರದವರನ್ನೂ ಪರೀಕ್ಷಿಸುತ್ತಿದ್ದರು, ಆಮೇಲೆ 'ಸಿ' ವರ್ಗದವರನ್ನು ಮಾತ್ರ. ಗಂಭೀರ ರೋಗಿಗಳನ್ನೇ ಎಣಿಸಿದರೆ ಸಾವಿನ ಪ್ರಮಾಣ ಹೆಚ್ಚು ಕಾಣುವುದು ಸಹಜ. ಪರೀಕ್ಷೆಯೇ ಆಗದೆ ನ್ಯುಮೋನಿಯಾ ಎಂದು ಮಣ್ಣಾದವರು ಯಾವ ಲೆಕ್ಕದಲ್ಲೂ ಇಲ್ಲ. ಜಗತ್ತಿನಲ್ಲಿ ಪ್ರಯೋಗಾಲಯ ಖಚಿತಪಡಿಸಿದ ಸಾವು 18,500ರಷ್ಟು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನೇತೃತ್ವದಲ್ಲಿ 2012ರಲ್ಲಿ ಪ್ರಕಟವಾದ ಅಂದಾಜು ಇದನ್ನು 1.5 ಲಕ್ಷದಿಂದ 5.75 ಲಕ್ಷದವರೆಗೆ ಇಟ್ಟಿತು.

2015ರಲ್ಲಿ ಮತ್ತೆ ಎದ್ದಾಗ 42,592 ಪ್ರಕರಣ, 2,990 ಸಾವು. 2009 ಮತ್ತು 2010 ಎರಡೂ ಸೇರಿದರೂ ಸಾವು ಅಷ್ಟಾಗಿರಲಿಲ್ಲ. ಗುಜರಾತ್, ರಾಜಸ್ಥಾನದಲ್ಲಿ ಹೆಚ್ಚು. ಅಹಮದಾಬಾದಿನಲ್ಲಿ ಗುಂಪು ಸೇರುವುದನ್ನೇ ನಿಷೇಧಿಸಿದರು. ಮಹಾರಾಷ್ಟ್ರ ಸರಕಾರ ಅದೇ ವರ್ಷ ಅಪಾಯದಲ್ಲಿರುವ ಗರ್ಭಿಣಿಯರು ಮುಂತಾದವರಿಗೆ ಉಚಿತ ಲಸಿಕೆ ಕೊಡಲು ಶುರು ಮಾಡಿತು. 2017ರಲ್ಲಿ ಮತ್ತೆ 38,811 ಪ್ರಕರಣ, 2,270 ಸಾವು.

ಗಡಿ ಮುಚ್ಚಿದ್ದು ಇನ್ನೊಂದು ಸಲ

2009ರಲ್ಲಿ ಯಾವ ರಾಜ್ಯವೂ ಗಡಿ ಮುಚ್ಚಲಿಲ್ಲ. ಕೊರೊನಾ ಕಾಲದಲ್ಲಿ ಹಾಗಾಗಲಿಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ ತಲಪಾಡಿಯ ಹೆದ್ದಾರಿಯನ್ನು ಬಂದ್ ಮಾಡಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದರು, ಚಿಕಿತ್ಸೆ ಸಿಗದೆ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ಎರಡೂ ರಾಜ್ಯಗಳು ರೋಗಿಗಳನ್ನು ಬಿಡುವ ಕ್ರಮಕ್ಕೆ ಒಪ್ಪಿದವು. ತುಳು, ಕನ್ನಡ, ಮಲಯಾಳ ಮೂರನ್ನೂ ಆಡುವ ಊರಿಗೆ ಅಷ್ಟು ದಿನ ರಾಜ್ಯದ ಗೆರೆ ಎಲ್ಲಿದೆ ಎಂಬುದು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಕಾಣುತ್ತಿತ್ತು.

ಹಂದಿ ಜ್ವರದ ಲಸಿಕೆಗೆಂದು ದುಡಿದ ಸೀರಂ, ಭಾರತ್ ಬಯೋಟೆಕ್, ಜೈಡಸ್ ಕಂಪನಿಗಳೇ ಕೊರೊನಾ ಲಸಿಕೆಯಲ್ಲೂ ಮುಂದೆ ಬಂದವು. 2010ರಲ್ಲಿ ಕಲಿತದ್ದು ಆಗ ಉಪಯೋಗಕ್ಕೆ ಬಂತು. 2021ರಲ್ಲಿ ಭಾರತವೂ ತನ್ನ ಎರಡನೇ ಅಲೆಯಲ್ಲಿ ರಫ್ತು ನಿಲ್ಲಿಸಿತು ಎಂಬುದನ್ನೂ ಮರೆಯುವಂತಿಲ್ಲ. 2009ರಲ್ಲಿ ಆಸ್ಟ್ರೇಲಿಯಾ ಮಾಡಿದ್ದೂ ಅದನ್ನೇ. ಲಸಿಕೆ ಹಂಚಿಕೆಯ ಬಗ್ಗೆ ದೇಶಗಳ ನಡುವೆ 2011ರಲ್ಲಿ ಫ್ಲೂಗೆ ಮಾತ್ರ ಸಂಬಂಧಿಸಿದ ಒಂದು ಒಪ್ಪಂದ, 2025ರ ಮೇ ತಿಂಗಳಲ್ಲಿ ಎಲ್ಲ ಜಾಗತಿಕ ಸಾಂಕ್ರಾಮಿಕಗಳಿಗೂ ಅನ್ವಯಿಸುವ ಇನ್ನೊಂದು ಒಪ್ಪಂದ ಆದವು.

ಹಂದಿ ಜ್ವರದ ವೈರಾಣು ಎಲ್ಲಿಗೂ ಹೋಗಿಲ್ಲ. ಸಾಮಾನ್ಯ ಫ್ಲೂಗಳಲ್ಲಿ ಒಂದಾಗಿ ಉಳಿದಿದೆ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ತಲೆ ಎತ್ತುವುದು ಜನವರಿಯಿಂದ ಮಾರ್ಚ್‌ವರೆಗೆ, ಮತ್ತೆ ಮಳೆಗಾಲ ಹಾಗೂ ಅದರ ಕೊನೆಯಲ್ಲಿ. ಅದಕ್ಕೆ ಬೇರೆ ಲಸಿಕೆ ಬೇಕಿಲ್ಲ, ಪ್ರತಿವರ್ಷದ ಫ್ಲೂ ಲಸಿಕೆಯಲ್ಲೇ ಎಚ್1ಎನ್1 ಸೇರಿರುತ್ತದೆ. ವೈರಾಣು ಬದಲಾಗುವುದರಿಂದ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡ ಎರಡು ವಾರದ ನಂತರ ರಕ್ಷಣೆ ಸಿಗುತ್ತದೆ. ಅಂದರೆ ಊರಿನಲ್ಲಿ ಜ್ವರ ಹಬ್ಬಿದ ಮೇಲೆ ಓಡಿದರೆ ತಡ. ಗರ್ಭಿಣಿಯರಿಗೆ ಚುಚ್ಚುಮದ್ದಿನ ಲಸಿಕೆಯನ್ನು ಯಾವ ತಿಂಗಳಲ್ಲಾದರೂ ಕೊಡಬಹುದು. ಹಿಂದೆ ಫ್ಲೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದವರು, ಮೊಟ್ಟೆ ಒಗ್ಗದವರು ವೈದ್ಯರಿಗೆ ಮೊದಲೇ ಹೇಳಬೇಕು. ಇದು ಮಕ್ಕಳಿಗೆ ಉಚಿತವಾಗಿ ಹಾಕುವ ರಾಷ್ಟ್ರೀಯ ಲಸಿಕೆ ಪಟ್ಟಿಯಲ್ಲಿ ಸೇರಿಲ್ಲ. ಖಾಸಗಿಯಲ್ಲಿ ಹಲವು ಕಡೆ ಒಂದು ಡೋಸ್ ಸಾವಿರ ರೂಪಾಯಿ ದಾಟುತ್ತದೆ. ಗರ್ಭಿಣಿಯರಿಗೆ ಮತ್ತು ಸಕ್ಕರೆ ಕಾಯಿಲೆಯವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಲಸಿಕೆ ಸಿಗುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಡಿಯ ಊರಿನವರು ಮಳೆಗಾಲಕ್ಕೆ ಮೊದಲೇ ತಮ್ಮ ರಾಜ್ಯದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.